ಮೂರನೇ ದಿನದ ಮಾತ್ರೆ

"ಯಾವನ್ ಜೊತೆ ಬಿದ್ದಿದ್ದೆ ಬಾಯ್ಬಿಡೇ, ಮಾತ್ರೆ ಆಮೇಲೆ," ಎಂದಳು ನರ್ಸ್ ಸಯೋರಾ. ಆರೋಗ್ಯ ಕೇಂದ್ರದ ಹೊರಗೆ ಸೂಜಿಗೆಂದು ಕಾದಿದ್ದವರಿಗೂ ಕೇಳಲಿ ಎಂದೇ ಗಂಟಲು ಏರಿಸಿದ್ದಳು.

ಹತ್ತೊಂಬತ್ತರ ಸವ್ರಿನಿಸೊ ತುಟಿ ಬಿಚ್ಚಿದರೆ ಹೊರಡುವುದು ಹತ್ತಿ ಹೊಲದ ಮೇಸ್ತ್ರಿ ಖೋಲ್‌ಮುರೊದನ ಹೆಸರು. ಅವನು ಈ ಸಯೋರಾಳ ಒಡಹುಟ್ಟಿದ ಅಣ್ಣ.

"ಇಲ್ಲಾಂದ್ರೆ ನಿಮ್ಮವ್ವನ್ನ ಕರ್ಕೊಂಡ್ ಬಾ. ಮದ್ವೆ ಆಗ್ದಿರೋಳಿಗೆ ಕೊಡಕ್ಕೆ ನಾನೇನ್ ಸೂಳೆಗೇರಿ ಮಡಗಿದೀನಾ?"

ಬಸಿರು ತಡೆಯುವ ಮಾತ್ರೆಯ ಡಬ್ಬ ಬೀರುವಿನ ಗಾಜಿನ ಹಿಂದೆ ಕಾಣುತ್ತಿತ್ತು. ಮೂರು ದಿನದೊಳಗೆ, ಆದಷ್ಟು ಬೇಗ ನುಂಗಬೇಕೆಂದು ಗೋಡೆಯ ಚೀಟಿಯೇ ಹೇಳುತ್ತಿತ್ತು. ಇವತ್ತು ಮೂರನೆಯ ದಿನ. ಮೊನ್ನೆ ಹತ್ತಿ ತೂಗುವ ಕಣದಲ್ಲಿ, ರಾಶಿಯ ಹಿಂದೆ ಅವಳನ್ನು ಕೆಡಿಸಿದವನು ಧೂಳು ಕೊಡವಿಕೊಳ್ಳುತ್ತ ಹೇಳಿದ್ದ: "ಬಸ್ರಾದ್ರೆ ಹೆದರ್ಬ್ಯಾಡ. ಮುಲ್ಲಾನ್ ಕರ್ಸಿ ನಿಕಾಹ್ ಓದುಸ್ತೀನಿ. ಎರಡ್ನೇ ಹೆಂಡ್ತಿಯಾಗಿ ನಮ್ಮನೇಲೇ ಬಿದ್ದಿರು." ಅವಳಿಗೆ ಸಾವಿಗಿಂತ ಆ ಮನೆಯ ಭಯವೇ ಹೆಚ್ಚಾಗಿತ್ತು.

ಬರಿಗೈಯಲ್ಲಿ ಹೊಲದ ಸಾಲಿಗೆ ಮರಳಿ, ಕಿತ್ತ ಹತ್ತಿ ತುಂಬಿಕೊಳ್ಳುವ ಮಡಿಲುಬಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಕೈ ಹತ್ತಿಗೆ ಹೋಗಲೊಲ್ಲದು. ಪಕ್ಕದ ಸಾಲಿನ ಓಯ್‌ನಿಸೊ ಅಜ್ಜಿ ಅವಳ ಮುಖವನ್ನೇ ನೋಡಿದಳು.

"ಆ ಮೇಸ್ತ್ರಿ ಹಡ್ಬೆ ನನ್ಮಗಾನಾ?"

ಸವ್ರಿನಿಸೊ ಹೌದೆಂದು ತಲೆಯಾಡಿಸಿದಳು.

"ನರ್ಸ್ ಹತ್ರ ಹೋಗಿದ್ಯಲ್ಲ, ಮಾತ್ರೆ ಕೊಡ್ಲಿಲ್ವಾ?"

"ಇಲ್ಲಜ್ಜಿ. ಇವತ್ತೇ ಕಡೇ ದಿನ."

ವಖ್ಶ್ ನಾಲೆಯ ಈಚೆಗಿನ ಈ ಹೊಲದಲ್ಲಿ ಮಡಿಲು ತುಂಬದೆ ಸಾಲು ಬಿಟ್ಟವಳಿಗೆ ಹತ್ತಿಕಡ್ಡಿ ಇಲ್ಲ. ಇಡೀ ಚಳಿಗಾಲ ಬಡವರ ಒಲೆ ಉರಿಯುವುದು ಆ ಕಡ್ಡಿಯಿಂದ. ಅದು ಗೊತ್ತಿದ್ದೂ ಅಜ್ಜಿ ಮಡಿಲ ಗಂಟು ಬಿಚ್ಚಿ, ಕಿತ್ತ ಹತ್ತಿಯನ್ನೆಲ್ಲ ಮಣ್ಣಿಗೆ ಸುರಿದಳು.

"ನಡೀರೇ ಎಲ್ಲಾ!"

ಹನ್ನೊಂದು ಹೆಂಗಸರು ಸವ್ರಿನಿಸೊಳನ್ನು ನಡುವೆ ಹಾಕಿಕೊಂಡು ಅಜ್ಜಿಯ ಹಿಂದೆ ನಡೆದರು. ಗಂಡಂದಿರು ರಷ್ಯಾದಲ್ಲಿ ಗಾರೆ ಹೊರುತ್ತಿದ್ದವರೇ ಅವರಲ್ಲಿ ಹೆಚ್ಚು. ಊರಿನ ಬಾಯಿಗೆ ಬಿದ್ದರೆ ಅವರ ಗತಿಯೂ ಅಷ್ಟೇ.

"ನಂಗೊಂದ್ ಆ ಮಾತ್ರೆ ಕೊಡು," ಎಂದಳು ಅಜ್ಜಿ, ಸಯೋರಾಳ ಮೇಜಿನೆದುರು ನಿಂತು.

ಸಯೋರಾ ನಕ್ಕಳು. "ಎಪ್ಪತ್ತಾಯ್ತು, ನಿಂಗ್ಯಾಕಜ್ಜಿ?"

"ಯಾವನ್ ಜೊತೆ ಅಂತ ಕೇಳಲ್ವೇನೇ? ನಿಮ್ಮಣ್ಣನ್ ಜೊತೆ."

"ನಂಗೂ ಒಂದು. ನಿಮ್ಮಣ್ಣನ್ ಜೊತೆ," ಎಂದಳು ಹಿಂದಿನವಳು. ಅವಳ ಹಿಂದಿನವಳೂ ಹಾಗೇ ಅಂದಳು. ಹೊರಗೆ ಕಾದಿದ್ದ ಜನ ಕಿಟಕಿಗೆ ಬಂದು ಮುಖ ಒತ್ತಿದರು.

"ತಗೊಂಡ್ ಸಾಯ್ರಿ!" ಸಯೋರಾ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದಳು. ಅದೇ ಕೈಯಲ್ಲಿ ಫೋನು ತೆಗೆದು ಅಣ್ಣನಿಗೆ ಹಚ್ಚಿದಳು.

ಸವ್ರಿನಿಸೊ ನೀರಿಲ್ಲದೆ ಮಾತ್ರೆ ನುಂಗಿದಳು. ಇದು ಕೆಲಸ ಮಾಡುತ್ತದೋ ಇಲ್ಲವೋ, ಅವಳಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಖೋಲ್‌ಮುರೊದನ ಮೋಟಾರ್‌ಸೈಕಲ್ ಬಂದು ನಿಂತಿತು.

"ಸಾಲ್ ಬಿಟ್ಟು ಇಲ್ಲೇನ್ರೇ ಮುಂಡೇರಾ?"

"ಬಾರಪ್ಪಾ," ಎಂದಳು ಅಜ್ಜಿ, "ನಿನ್ ಹೆಂಡ್ತೀರೆಲ್ಲಾ ಇಲ್ಲೇ ಅವ್ರೆ."

ಖೋಲ್‌ಮುರೊದ ಬಾರಿಸಲೆಂದು ಸೊಂಟದ ಬೆಲ್ಟು ಬಿಚ್ಚತೊಡಗಿದ. ಸವ್ರಿನಿಸೊ ಹೆಂಗಸರನ್ನು ಸರಿಸಿಕೊಂಡು ಬಂದು, ಅಜ್ಜಿಯ ಮುಂದೆ ಬಾಗಿಲಿಗೆ ಅಡ್ಡ ನಿಂತಳು.