ಏರಿ ಕುಸಿದ ಜಾಗ

ಕೆರಿಯಪ್ಪ ಬುಟ್ಟಿಯಲ್ಲಿದ್ದ ಕೆಂಪು ಕಲ್ಲಿನ ಚೂರುಗಳನ್ನು ಕೆರೆ ಏರಿ ಕುಸಿದ ಜಾಗಕ್ಕೆ ಸುರಿಯುತ್ತಿದ್ದಾಗ ಸುರೇಂದ್ರ ಓಡಿಬಂದು ಅವನ ರಟ್ಟೆ ಹಿಡಿದ.

"ಎಂತ ಮಾಡ್ತಿದೀಯ ಮಾರಾಯ?"

"ಕಾಣ್ತಿಲ್ವಾ? ಭಾವನ್ನ ತಗೊಂಡು ಹೋಗಕ್ಕೆ ದಾರಿ ಮಾಡ್ತಿದೀನಿ."

"ಇವತ್ತೇ ಶಿವಮೊಗ್ಗದಿಂದ ಅನುದಾನದ ತಂಡ ಬರ್ತಿದೆ ಕಣೋ. ಇದನ್ನ ನೋಡಕ್ಕೇ ಬರೋದು ಅವ್ರು."

"ಬರ್ಲಿ. ನೋಡ್ಲಿ." ಕೆರಿಯಪ್ಪ ಕೈ ಬಿಡಿಸಿಕೊಂಡು ಖಾಲಿ ಬುಟ್ಟಿ ಎತ್ತಿಕೊಂಡ. "ಅಕ್ಕ ಬೆಳಿಗ್ಗೆಯಿಂದ ಅತ್ತಿಲ್ಲ. ಒಂದೇ ಮಾತು ಹೇಳಿರೋದು. ಕೆರೆ ಏರಿ ಮೇಲೇ ಹೋಗ್ಬೇಕು ಅಂತ."

ಸುರೇಂದ್ರ ಅರಳಿಕೊಪ್ಪ ಪಟ್ಟಣ ಪಂಚಾಯಿತಿಯ ಸದಸ್ಯ. ಕೆರೆಬದಿಯ ಕೇರಿ ಅವನ ವಾರ್ಡು. ಸತ್ತ ನಿರಂಜನ ಕೆರಿಯಪ್ಪನಿಗೆ ಭಾವ, ಸುರೇಂದ್ರನಿಗೆ ಅಣ್ಣನ ಹಾಗೆ. ಕೇರಿಯಿಂದ ರಸ್ತೆಗೆ ಹತ್ತಲು ಮನೆಗಳ ಸಂದಿಯಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು, ಕಡಿದಾದವು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಹಿತ್ತಿಲ ಕಡೆಯಿಂದ ಮಾತ್ರ ಸಮತಟ್ಟಾದ ದಾರಿ. ಅದು ಕೆರೆ ಪಾರ್ಕಿನ ವಾಕಿಂಗ್ ದಾರಿ. ಏರಿಯ ಮೇಲೆ ಸಾಗಿ ಬಸ್ ಸ್ಟ್ಯಾಂಡ್ ಪಕ್ಕ ರಸ್ತೆಗೆ ಸೇರುತ್ತಿತ್ತು. ಸ್ಮಶಾನ ಅಲ್ಲಿಂದ ಆಚೆಗೆ.

ಸುರೇಂದ್ರ ಏನೋ ಹೇಳಲು ಬಾಯಿ ತೆರೆದ. ಹಿತ್ತಿಲ ಬಾಗಿಲಲ್ಲಿ ನಿರಂಜನನ ಹೆಂಡತಿ ಲೋಲಾಕ್ಷಿ ನಿಂತು ನೋಡುತ್ತಿದ್ದಳು. ಅವನು ಬುಟ್ಟಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

*

ನಿರಂಜನ ಸಾಗರ, ಹೊಸನಗರ, ತೀರ್ಥಹಳ್ಳಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ತನ್ನ ಸೀಟಿನಲ್ಲಿ ಅವನು ಕೂತಿದ್ದನ್ನು ಕಂಡವರು ಕಡಿಮೆ. ಯಾರು ಯಾವ ತಿರುವಿನಲ್ಲಿ ಇಳಿಯುತ್ತಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಪಂಪ್‌ಸೆಟ್ ಕೆಟ್ಟಿದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಸಾಗರದ ಮೆಡಿಕಲ್ ಶಾಪಿನಿಂದ ಔಷಧಿ ತಂದು ದಾರಿಯಲ್ಲಿ ಕಾಯುವವರ ಕೈಗೆ ಕೊಡುತ್ತಿದ್ದ. ದೂರದ ಗದ್ದೆ ಬದುವಿನಲ್ಲಿ ಯಾರಾದರೂ ಓಡಿಬರುವುದು ಕಂಡರೆ ಸೀಟಿ ಊದಿ ಬಸ್ ನಿಲ್ಲಿಸುತ್ತಿದ್ದ. ಒಳಗಿದ್ದವರು ಗೊಣಗಿದರೆ, "ನಾಳೆ ಓಡೋದು ನೀವೇ" ಎಂದು ನಗುತ್ತಿದ್ದ.

ಒಂದು ಮಧ್ಯಾಹ್ನ ಫುಟ್‌ಬೋರ್ಡಿನ ಮೇಲೆ ನಿಂತು "ರೈಟ್" ಎಂದಾಗ ಆ ಮಾತು ಬಾಯಿಯಲ್ಲೇ ಸೊಟ್ಟಗಾಯಿತು. ಡ್ರೈವರ್ ಭೂತಪ್ಪನಿಗೆ ಅದು ಬೇರೆ ಯಾರದೋ ದನಿಯ ಹಾಗೆ ಕೇಳಿತು, ಅವನು ಕನ್ನಡಿ ನೋಡಿದ. ನಿರಂಜನ ಕಂಬಿ ಹಿಡಿದುಕೊಂಡೇ ಕುಸಿಯುತ್ತಿದ್ದ.

ಲಕ್ವ ಹೊಡೆದು ಬಲಗೈ, ಬಲಗಾಲು ಹೋದವು. ಮಾತು ನಿಧಾನವಾಗಿ ಅರ್ಧಕ್ಕೆ ಮರಳಿತು. ಯಾರೋ ದಾನಿಗಳು ಕೊಟ್ಟ ಗಾಲಿಕುರ್ಚಿಯಲ್ಲಿ ಅವನನ್ನು ಕೂರಿಸಿಕೊಂಡು ಲೋಲಾಕ್ಷಿ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ತಳ್ಳಿಕೊಂಡು ಹೋಗುತ್ತಿದ್ದಳು. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಪಕ್ಕ ಬಿಟ್ಟರೆ ಊಟದ ಹೊತ್ತಿನವರೆಗೂ ಅವನು ಅಲ್ಲೇ. ಬಂದುಹೋಗುವ ಕಂಡಕ್ಟರುಗಳು ಇಳಿದು ಮಾತಾಡಿಸುತ್ತಿದ್ದರು. ಊರೂರಿನ ಸುದ್ದಿ ಅವನ ಹತ್ತಿರ ಬಂದು ಬೀಳುತ್ತಿತ್ತು. ಆ ಹೊತ್ತಿನಲ್ಲಿ ಲೋಲಾಕ್ಷಿ ಹತ್ತಿರದ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುತ್ತಿದ್ದಳು. ಅಲ್ಲಿನ ಹೆಂಗಸರ ಜೊತೆ ಅವಳೂ ನಗುವುದಿತ್ತು.

ಆಮೇಲೊಂದು ಆಷಾಢದ ಮಳೆಗೆ ಏರಿಯ ಒಂದು ಭಾಗ ಕೆರೆಗೆ ಜಾರಿಬಿತ್ತು. ಎರಡು ಮಂಚ ಹಾಕುವಷ್ಟು ಜಾಗ. ಕಾಲಿದ್ದವರು ಹಳ್ಳಕ್ಕಿಳಿದು ಆಚೆ ಹತ್ತುತ್ತಿದ್ದರು. ಗಾಲಿಕುರ್ಚಿ ಈಚೆಗೇ ನಿಂತಿತು.

*

ಹೊಸನಗರದ ಬಸ್ಸಿಗೆ ಬಂದಿಳಿದ ಭೂತಪ್ಪ ಜಗಲಿಯ ಮೇಲೆ ಮಲಗಿಸಿದ್ದ ನಿರಂಜನನ ಕಾಲ ಬಳಿ ಕೂತ. ಬಿಳಿ ಪಂಚೆಯೊಳಗೆ ದೇಹ ಬಡಕಲಾಗಿತ್ತು. ಹೊರಗೆ ಬಿದಿರು ಕಟ್ಟುವ ಸದ್ದು.

"ಇವನು ಹಿಂದಿದ್ರೆ ನಾನು ಕನ್ನಡೀನೇ ನೋಡ್ತಿರ್ಲಿಲ್ಲ," ಎಂದ ಭೂತಪ್ಪ. "ಕಡೆಗೆ ಒಂದ್ಸಲ ಬಂದು ನೋಡ್ಬೇಕಿತ್ತು. ಆ ಮೆಟ್ಟಿಲು ನೋಡಿದ್ರೆ ನನ್ನ ಮಂಡಿ ಬೇಡ ಅಂತಿತ್ತು."

"ಇವ್ರಿಗೂ ಅದೇ ಆಯ್ತು," ಎಂದಳು ಲೋಲಾಕ್ಷಿ. "ಬರೋರಿಗೆ ಇಳಿಯಕ್ಕಾಗಲ್ಲ, ಇವ್ರಿಗೆ ಹತ್ತಕ್ಕಾಗಲ್ಲ."

"ನಾಲ್ಕು ಜನ ಹಿಡಿದು ಹತ್ತಿಸಬಹುದಿತ್ತಲ್ಲ ತಂಗಿ."

"ಹತ್ತಿಸ್ತಿದ್ರು. ಆಸ್ಪತ್ರೆಗೆ ಅಂದ್ರೆ ಬರ್ತಿದ್ರು. ಬಸ್ ನೋಡಕ್ಕೆ ಅಂದ್ರೆ ಯಾರನ್ನ ಕರೆಯೋದು? ಇವ್ರೂ ಕರೆಯಕ್ಕೆ ಬಿಡ್ತಿರ್ಲಿಲ್ಲ."

ಸುರೇಂದ್ರ ಕಂಬಕ್ಕೊರಗಿ ನಿಂತಿದ್ದ. ಅವನ ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ತೆಗೆದು ನೋಡಿ ಮತ್ತೆ ಇಟ್ಟುಕೊಂಡ.

"ಎತ್ತು ಅದನ್ನ," ಎಂದಳು ಲೋಲಾಕ್ಷಿ. "ನಿನ್ನ ಸಾಹೇಬ್ರಿರಬೇಕು."

"ಅತ್ತಿಗೆ, ನಾನು ಬೇಡ ಅನ್ನಕ್ಕೆ ಬಂದಿಲ್ಲ."

"ಗೊತ್ತು. ಹೇಳಕ್ಕೂ ಆಗ್ದೆ, ಹೇಳ್ದೆ ಇರಕ್ಕೂ ಆಗ್ದೆ ನಿಂತಿದೀಯ."

*

ಏರಿ ಕುಸಿದ ವರ್ಷವೇ, ಮಳೆ ನಿಂತ ಮೇಲೆ, ಕೆರಿಯಪ್ಪ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಆ ಹಳ್ಳ ತುಂಬಿಸಿದ್ದ. ಕಲ್ಲು, ಮಣ್ಣು, ಮೇಲೊಂದಷ್ಟು ಹಲಗೆ. ಚಂದವಿರಲಿಲ್ಲ, ಆದರೆ ಗಾಲಿ ಓಡಿತು. ನಿರಂಜನ ಮತ್ತೆ ಪೇಪರ್ ಅಂಗಡಿಯ ಪಕ್ಕ ಕೂತ.

ವಾರ ಕಳೆಯುವುದರೊಳಗೆ ಸುರೇಂದ್ರ ಬಂದ. ಇಡೀ ಕೆರೆ ದಾರಿಯನ್ನು ಹೊಸದಾಗಿ ಮಾಡಿಸಲು ಅನುದಾನಕ್ಕೆ ಅರ್ಜಿ ಹೋಗಿತ್ತು. ಕಲ್ಲು ಹಾಸು, ಕೈಕಂಬಿ, ದೀಪ, ಗಾಲಿಕುರ್ಚಿಗೆ ಇಳಿಜಾರು, ಎಲ್ಲ ಅದರಲ್ಲಿತ್ತು. ಅರ್ಜಿಯ ಮೊದಲ ಪುಟದಲ್ಲಿ ಕುಸಿದ ಜಾಗದ ಅಂಚಿನಲ್ಲಿ ಕೂತ ನಿರಂಜನನ ಫೋಟೋ.

"ತಂಡ ಬಂದು ನೋಡೋವಾಗ ಕುಸಿದಿದ್ದು ಕುಸಿದ ಹಾಗೇ ಇರ್ಬೇಕಂತೆ ಅಣ್ಣ. ಆಗಿರೋ ಕೆಲಸಕ್ಕೆ ದುಡ್ಡು ಕೊಡಲ್ಲ. ಇದೊಂದು ಜಾಗ ಸರಿಯಾಗ್ಬಿಟ್ರೆ ಅರ್ಜಿಗೆ ಜೀವ ಇಲ್ಲ. ಒಂದೆರಡು ತಿಂಗಳು ಅಷ್ಟೆ."

ನಿರಂಜನ ಬಹಳ ಹೊತ್ತು ಕೆರೆ ನೋಡಿದ. ಆಮೇಲೆ, "ತೆಗಿ," ಎಂದ.

ಲೋಲಾಕ್ಷಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮಾತು ಅವಳಿಗೆ ಕೇಳಿಸಿತು. ಅವಳನ್ನು ಯಾರೂ ಕೇಳಲಿಲ್ಲ. ಸಂಜೆ ಅವಳೇ ಕೇಳಿದಳು.

"ಯಾಕೆ ಒಪ್ಪಿದ್ರಿ?"

"ಒಬ್ಬನಿಗೋಸ್ಕರ... ಬಸ್ ನಿಲ್ಸಕ್ಕಾಗಲ್ಲ."

"ಎಷ್ಟು ಸಲ ನಿಲ್ಸಿಲ್ಲ ನೀವು!"

ಮರುದಿನ ಹಲಗೆ ತೆಗೆದು, ತುಂಬಿದ್ದ ಕಲ್ಲು ಮಣ್ಣು ಅಗೆದು ಹಾಕಿದರು.

ತಂಡ ಆ ವರ್ಷ ಬರಲಿಲ್ಲ. ಚುನಾವಣೆ ಬಂತು. ಮರುವರ್ಷ ಅರ್ಜಿಯ ನಮೂನೆ ಬದಲಾಯಿತು, ಹೊಸ ಫೋಟೋ ಬೇಕಾಯಿತು. ಸುರೇಂದ್ರನೂ ಇನ್ನಿಬ್ಬರೂ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಅಂಚಿನಲ್ಲಿ ನಿಲ್ಲಿಸಿದರು. ಮೊದಲ ಸಲ ನಿರಂಜನ ಖಾಕಿ ಅಂಗಿ ಹಾಕಿಸಿಕೊಂಡು ತಲೆ ಬಾಚಿಸಿಕೊಂಡಿದ್ದ. ಎರಡನೇ ಸಲ ಹಾಕಿದ ಅಂಗಿಯಲ್ಲೇ ಹೋದ. ಮೂರನೇ ಸಲ ಕ್ಯಾಮೆರಾ ಎತ್ತಿದಾಗ ಮುಖ ತಿರುಗಿಸಿಕೊಂಡ. "ಈ ಕಡೆ ಅಣ್ಣ," ಎಂದು ಸುರೇಂದ್ರ ಮೂರು ನಾಲ್ಕು ಸಲ ಹೇಳಿ, ಕಡೆಗೆ ಹಾಗೇ ತೆಗೆದ. ತಿರುಗಿದ ಮುಖವೇ ಅರ್ಜಿಗೆ ಚೆನ್ನಾಗಿದೆ ಎಂದು ಆಫೀಸಿನಲ್ಲಿ ಯಾರೋ ಅಂದರಂತೆ.

ನಡುವೆ ಕೆರಿಯಪ್ಪ ಎರಡು ಸಲ ಗುದ್ದಲಿ ಹಿಡಿದು ಬಂದ. ಎರಡು ಸಲವೂ ನಿರಂಜನನೇ ತಡೆದ. ಇಷ್ಟು ದಿನ ಕಾದಿದ್ದು ಸುಮ್ಮನೆ ಹಾಳಾಗುತ್ತದೆ ಎಂದ. ದಿನ ಕಳೆದಷ್ಟೂ ಆ ಮಾತು ಗಟ್ಟಿಯಾಗುತ್ತಾ ಹೋಯಿತು.

ಹಿತ್ತಿಲ ಬಾಗಿಲಲ್ಲಿ ಕೂತರೆ ನೀರಿನಾಚೆ ಬಸ್ ಸ್ಟ್ಯಾಂಡಿನ ತಗಡಿನ ಮಾಡು ಕಾಣುತ್ತಿತ್ತು. ಹಾರ್ನ್ ಕೇಳಿಯೇ ಯಾವ ಬಸ್ಸೆಂದು ಹೇಳುತ್ತಿದ್ದ. "ತಡ," ಎನ್ನುತ್ತಿದ್ದ. ಲೋಲಾಕ್ಷಿ ಹೂಂಗುಟ್ಟುತ್ತಿದ್ದಳು. ಅವನನ್ನು ಒಬ್ಬನನ್ನೇ ಬಿಟ್ಟು ಹೊಲಿಗೆ ಅಂಗಡಿಗೆ ಹೋಗಲಾಗದೆ ಆ ಕೆಲಸವನ್ನೂ ಬಿಟ್ಟಿದ್ದಳು. ಕಡೆಯ ವರ್ಷ ಅವನು ಹಾರ್ನಿಗೂ ತಲೆ ಎತ್ತದಾದ. ಬಾಗಿಲು ಹಾಕು ಎಂದ. ಹಾಕಿದಳು.

*

ಚಟ್ಟ ಎತ್ತುವಾಗ ಮುಂದಿನ ಎಡಗಡೆಗೆ ಕೆರಿಯಪ್ಪ ಹೆಗಲು ಕೊಟ್ಟ. ಹಿಂದಿನ ಬಲಗಡೆಗೆ ಬಂದವನನ್ನು ಸರಿಸಿ ಸುರೇಂದ್ರ ನಿಂತ. ಭೂತಪ್ಪ ಮಂಡಕ್ಕಿ ಚೆಲ್ಲುತ್ತಾ ಕುಂಟುತ್ತಾ ನಡೆದ. ಕೇರಿಯ ಹೆಂಗಸರು ಹಿತ್ತಿಲಲ್ಲೇ ನಿಂತರು. ಲೋಲಾಕ್ಷಿ ನಿಲ್ಲಲಿಲ್ಲ, ಏರಿಯ ಮೇಲೆ ಸ್ವಲ್ಪ ಹಿಂದೆ ಬಂದಳು. ಯಾರೂ ಅವಳನ್ನು ತಡೆಯಲಿಲ್ಲ.

ಹೊಸದಾಗಿ ತುಂಬಿದ ಮಣ್ಣು ಭಾರಕ್ಕೆ ಒಂದಿಷ್ಟು ಇಳಿಯಿತು. ಸುರೇಂದ್ರನ ಕಾಲ ಕೆಳಗಿನ ಕಲ್ಲು ಜಾರಿತು. ಅವನು ಮಂಡಿ ಬಗ್ಗಿಸಿ ಹೆಗಲು ಗಟ್ಟಿ ಹಿಡಿದ. ಚಟ್ಟ ಅಲುಗಿ, ನಿಂತು, ಆಚೆ ದಾಟಿತು. ಲೋಲಾಕ್ಷಿ ಆಗ ಅಲ್ಲೇ ಕೂತಳು. ಬೆಳಿಗ್ಗೆಯಿಂದ ಬಾರದ ಅಳು ಆಗ ಬಂತು.

ಆಚೆ ತುದಿಯಲ್ಲಿ ಜೀಪು ನಿಂತಿತ್ತು. ಶಿವಮೊಗ್ಗದಿಂದ ಬಂದ ಇಬ್ಬರು ಅಧಿಕಾರಿಗಳು ಪಕ್ಕಕ್ಕೆ ಸರಿದು, ಬೂಟು ಬಿಚ್ಚಿ, ಕೈ ಮುಗಿದು ನಿಂತರು. ಅವರಲ್ಲಿ ಹಿರಿಯರು ಸ್ಮಶಾನದಿಂದ ಮರಳುತ್ತಿದ್ದ ಸುರೇಂದ್ರನಿಗಾಗಿ ಕಾದಿದ್ದರು.

"ಅರ್ಜಿಯಲ್ಲಿದ್ದವರು ಇವರೇನಾ?"

"ಹೌದು ಸಾರ್."

ಅವರು ಹೊಸದಾಗಿ ತುಂಬಿದ ಜಾಗದ ಕಡೆ ನೋಡಿದರು. "ನಮ್ಮ ಕಷ್ಟ ನಿಮಗೆ ಗೊತ್ತು. ಕಂಡಿದ್ದನ್ನೇ ಬರೀಬೇಕು. ಈಗ ಬರೆದ್ರೆ ದುರಸ್ತಿ ಆಗಿದೆ ಅಂತ ಬರೀಬೇಕಾಗುತ್ತೆ. ಇವತ್ತು ಸಾಗರದಲ್ಲಿ ಉಳ್ಕೊಳ್ತೀವಿ. ಬೆಳಿಗ್ಗೆ ಮತ್ತೆ ಬರ್ತೀವಿ." ಅಷ್ಟರಲ್ಲಿ ಏನಾಗಬೇಕು ಎಂಬುದನ್ನು ಬಾಯಿಬಿಟ್ಟು ಹೇಳದೆ ಅವರು ಜೀಪು ಹತ್ತಿದರು.

ಸ್ನಾನ ಮುಗಿಸಿ ಸುರೇಂದ್ರ ಲೋಲಾಕ್ಷಿಯ ಬಳಿ ಬಂದ. ನಿರಂಜನ ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ತಂಡ ಬೆಳಿಗ್ಗೆ ಮತ್ತೆ ಬರುವುದನ್ನೂ ಅಷ್ಟರಲ್ಲಿ ಕಲ್ಲು ತೆಗೆಯಬೇಕಾದ್ದನ್ನೂ ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

"ಅವತ್ತು ನನ್ನ ಕೇಳಿರ್ಲಿಲ್ಲ," ಎಂದಳು ಅವಳು. "ಇವತ್ತು ಯಾಕೆ ಕೇಳ್ತಿದೀಯ?"

"ಕೇಳ್ಬೇಕು ಅನ್ನಿಸ್ತು ಅತ್ತಿಗೆ."

"ಬೇಡ ಅಂದ್ರೆ?"

"ಕೇರಿಯೋರು ಕೇಳ್ತಾರೆ. ಮೂರು ವರ್ಷ ಕಾಯ್ಸಿ ಕಡೆಗೆ ಎಂತ ತಂದೆ ಅಂತ. ನಿರಂಜನಣ್ಣ ಕಾದಿದ್ದೂ..."

"ಅವ್ರ ಹೆಸರು ತರಬೇಡ." ಅವಳ ದನಿ ಏರಲಿಲ್ಲ. "ನಿನಗೆ ಬೇಕಾಗಿರೋದು ನನ್ನ ಬಾಯಲ್ಲೂ ಒಂದು 'ತೆಗಿ' ಅಂತ. ಅದನ್ನ ನಾನು ಹೇಳಲ್ಲ. ಬೇಡ ಅಂತಾನೂ ಹೇಳಲ್ಲ. ನನಗಿನ್ನು ಅಲ್ಲಿ ತಳ್ಕೊಂಡು ಹೋಗೋರು ಯಾರೂ ಇಲ್ಲ. ಏನು ಮಾಡ್ತೀಯೋ ನೀನೇ ಮಾಡು."

ಅವಳು ಎದ್ದು ದೀಪಕ್ಕೆ ಎಣ್ಣೆ ಹಾಕಿದಳು.

*

ಹೊತ್ತು ಇಳಿಯುವಾಗ ಸುರೇಂದ್ರ ಹಾರೆ ಹಿಡಿದು ಒಬ್ಬನೇ ಏರಿಗೆ ಬಂದ. ತುಂಬಿದ ಕಲ್ಲುಗಳ ಒಂದು ಅಂಚಿಗೆ ಹಾರೆಯ ಮೊನೆ ಇಟ್ಟ. ಅಷ್ಟರಲ್ಲಿ ಹಿಂದಿನಿಂದ ಸೈಕಲ್ ಬೆಲ್ ಆಯಿತು. ಹಾಲಿನ ಕ್ಯಾನು ತೂಗುಹಾಕಿಕೊಂಡವನೊಬ್ಬ ಇಳಿಯದೇ ದಾಟಿಹೋದ. ಅವನ ಹಿಂದೆ ಹುಲ್ಲಿನ ಹೊರೆ ಹೊತ್ತ ಹೆಂಗಸು. ಅವಳು ದಾಟಲೆಂದು ಸುರೇಂದ್ರ ಕೆರೆಯ ಕಡೆಗೆ ಸರಿದು ನಿಂತ. ಮತ್ತೆ ಹಾರೆ ಎತ್ತುವಷ್ಟರಲ್ಲಿ ಕಾಲೇಜಿನ ಹುಡುಗಿಯರಿಬ್ಬರು ಮಾತಾಡುತ್ತಾ ಬಂದರು. ದಾರಿ ಸರಿಯಾಗಿದ್ದು ಅವರ ಗಮನಕ್ಕೇ ಬರಲಿಲ್ಲ.

ಅವರಾದ ಮೇಲೆ ಮೇಲಿನ ಕೇರಿಯ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು ಅಂಚಿನಲ್ಲಿ ನಿಂತಳು. ಕೋಲಿನಿಂದ ಕಲ್ಲನ್ನು ಕುಟ್ಟಿ ನೋಡಿದಳು.

"ತಡೀತದಾ ತಮ್ಮಾ?"

"ತಡೀತದೆ ಅಜ್ಜಿ."

"ಒಂಚೂರು ಕೈ ಕೊಡು ಹಂಗಾರೆ."

ಸುರೇಂದ್ರ ಹಾರೆಯನ್ನು ಎಡಗೈಗೆ ತೆಗೆದುಕೊಂಡು ಬೆನ್ನ ಹಿಂದೆ ಹಿಡಿದು, ಬಲಗೈ ಚಾಚಿದ. ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡತೊಡಗಿದಳು. ಅವಳ ಹಿಂದೆ, ಸಂತೆಯ ಚೀಲ ಹಿಡಿದ ಇನ್ನೂ ಇಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು.