ಸೊಸೆಯ ಹೆಸರಿಗೆ

ಆ ಮನೆಯ ಕಿರಿಯ ಮಗ ಪರದೇಶದ ಬಂದರಿನಲ್ಲಿ ವೆಲ್ಡರ್. ಅವನು ಕಳಿಸುವ ಹಣದಿಂದಲೇ ಮನೆಯ ಒಲೆ ಉರಿಯುತ್ತಿತ್ತು. ಹಣ ಬಂದ ದಿನ ಅವನ ತಂದೆ, ನಿವೃತ್ತ ಬಸ್ ಕಂಡಕ್ಟರ್, ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೊರಡುತ್ತಿದ್ದರು. ದುಡಿಯುವವನ ಹೆಂಡತಿ ಮಾತ್ರ ಮಗಳ ಚಪ್ಪಲಿ ಹರಿದರೂ ಮಾವನ ಮುಂದೆ ನಿಂತು ಕೇಳಬೇಕಿತ್ತು. ಮಾವ ಕೆಟ್ಟವರಲ್ಲ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತುತ್ತಿದ್ದರು. ಆದರೆ ಹೆಂಗಸಿನ ಹೆಸರಲ್ಲಿ ಖಾತೆ ಇದ್ದರೆ ಗಂಡಸಿನ ಮರ್ಯಾದೆ ಹೋಯಿತೆಂದು ಆ ಬೀದಿಯೇ ನಂಬಿತ್ತು.

ಒಮ್ಮೆ ಬ್ಯಾಂಕಿನ ಮ್ಯಾನೇಜರಮ್ಮ ಮನೆಗೇ ಬಂದರು.

"ಯಜಮಾನ್ರೇ, ಖಾತೆಗೆ ಸೊಸೆ ಹೆಸರೂ ಸೇರಿಸಿ. ನಿಮಗೆ ಹುಷಾರು ತಪ್ಪಿದ್ರೆ ಇವರು ದುಡ್ಡು ತೆಗೆಯೋಕಾಗಲ್ಲ."

"ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೀನಮ್ಮ," ಮಾವ ನಕ್ಕರು. "ಇವತ್ತು ಖಾತೆ ಅಂತೀರಿ, ನಾಳೆ ಇವಳು ಬೇರೆ ಮನೆ ಅಂತಾಳೆ."

"ನಾನು ಸಂಸಾರ ಮಾಡಿಲ್ವಾ, ಖಾತೆ ಇಲ್ದೆ?" ಎಂದು ಅತ್ತೆಯೂ ದನಿಗೂಡಿಸಿದರು.

ಅದೇ ವರ್ಷ ಮಾವ ಬಚ್ಚಲಲ್ಲಿ ಕುಸಿದು ಬಿದ್ದರು. ಲಕ್ವ. ಬಾಯಿ ಸೊಟ್ಟಗಾಗಿ ಮಾತು ನಿಂತಿತು, ಬಲಗೈ ಸ್ವಾಧೀನ ಕಳೆದುಕೊಂಡಿತು. ತಕ್ಷಣ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದರು ಊರಿನ ಆಸ್ಪತ್ರೆಯ ವೈದ್ಯರು. ಅಲ್ಲಿ ಮುಂಗಡ ಕಟ್ಟದೆ ಒಳಗೆ ಬಿಡುತ್ತಿರಲಿಲ್ಲ.

ಸೊಸೆ ಬ್ಯಾಂಕಿಗೆ ಓಡಿದಳು. ಮ್ಯಾನೇಜರಮ್ಮನ ಮುಖ ಬಾಡಿತು. "ಅವರ ಸಹಿ ಇಲ್ದೆ ಕೊಡೋ ಹಾಗಿಲ್ಲಮ್ಮ. ವೈದ್ಯರ ಪತ್ರ ತಂದುಕೊಡಿ, ನಾನೇ ಆಸ್ಪತ್ರೆಗೆ ಬಂದು ಹೆಬ್ಬೆಟ್ಟು ಒತ್ತಿಸ್ಕೋತೀನಿ. ಆದ್ರೆ ಮೇಲಿನವರ ಅಪ್ಪಣೆ ಬರೋಕೆ ಹೊತ್ತಾಗುತ್ತೆ."

ಗಂಡನಿಗೆ ಫೋನು ಮಾಡಿದಳು. "ಸಂಬಳವೆಲ್ಲ ಅಪ್ಪನ ಖಾತೆಗೇ ಹಾಕಿಬಿಟ್ನಲ್ಲೇ," ಎಂದು ಅವನು ಅತ್ತ. "ಸ್ನೇಹಿತರ ಹತ್ರ ಸಾಲ ತಗೋತೀನಿ. ಆದ್ರೆ ಎಲ್ಲಿಗೆ ಕಳಿಸ್ಲಿ?"

ಅವಳ ಹೆಸರಲ್ಲಿ ಖಾತೆಯೇ ಇರಲಿಲ್ಲ. ಗಂಡನ ಅಣ್ಣ, ಲಾರಿ ಓಡಿಸುವ ಭಾವನ ಫೋನು ಸಿಗಲಿಲ್ಲ. ಕಿವಿಯೋಲೆ ಬಿಚ್ಚಿಕೊಂಡು ಹೋದರೆ ಗಿರವಿ ಅಂಗಡಿಯವನು, "ಮನೆ ಗಂಡಸರನ್ನ ಕರ್ಕೊಂಡು ಬನ್ನಿ" ಎಂದ. ಕೊನೆಗೆ ನೆರೆಮನೆಯವರು ಕೈಲಾದಷ್ಟು ಕೂಡಿಸಿಕೊಟ್ಟು ಗಾಡಿ ಹೊರಡಿಸಿದಾಗ ತಡವಾಗಿತ್ತು. ಮಾವ ದಾರಿಯಲ್ಲೇ ತೀರಿಕೊಂಡರು. ಅವರನ್ನು ಉಳಿಸಬಹುದಾಗಿದ್ದ ಹಣ ಅವರದೇ ಹೆಸರಿನಲ್ಲಿ ಬ್ಯಾಂಕಿನಲ್ಲಿ ಭದ್ರವಾಗಿತ್ತು.

ಕೆಲವು ವಾರಗಳ ಮೇಲೆ ಭಾವ ನಡುಮನೆಯಲ್ಲಿ ಕುಳಿತು ತಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಇನ್ಮೇಲೆ ನನ್ನ ಖಾತೆಗೆ ಹಾಕು. ಇವರಿಗೆ ಬೇಕಾದ್ದು ನಾನು ಕೊಡ್ತೀನಿ."

"ಹಾಗೇ ಮಾಡೋಣ. ಜನ ಒಂದು ಮಾತು ಆಡಬಾರದು," ಎಂದಿತು ಆಚೆಯ ದನಿ.

"ಬೇಡ ರೀ," ಸೊಸೆ ಮುಂದೆ ಬಂದಳು. "ಭಾವನ ಮೇಲೆ ನಂಗೆ ಅನುಮಾನ ಇಲ್ಲ. ಮಾವನ ಮೇಲೂ ಇರಲಿಲ್ಲ. ಕಳಿಸೋದಾದ್ರೆ ನನ್ನ ಹೆಸರಿಗೆ ಕಳಿಸಿ. ಇಲ್ಲಾಂದ್ರೆ ಕಳಿಸಲೇಬೇಡಿ, ಬಟ್ಟೆ ಹೊಲಿದು ಮಗಳನ್ನ ಸಾಕ್ತೀನಿ."

"ಕೇಳಿದ್ಯಾ ಅಮ್ಮ, ಇವಳ ಬಾಯಿ?" ಭಾವ ತಾಯಿಯತ್ತ ತಿರುಗಿದ.

ಗೋಡೆಗೊರಗಿದ್ದ ಅತ್ತೆ ಎದ್ದು ಬಂದು ಫೋನು ತೆಗೆದುಕೊಂಡರು. "ನಿಮ್ಮಪ್ಪ ಕೊನೇವರೆಗೂ ನನ್ನ ಮುಖಾನೇ ನೋಡ್ತಿದ್ರು ಮಗಾ. ನನ್ನ ಕೈಲಿ ಏನೂ ಆಗಲಿಲ್ಲ. ಅವಳ ಹೆಸರಿಗೇ ಕಳಿಸು."

ಗಂಡನ ಒಪ್ಪಿಗೆಗೆ ಕಾಯದೆ ಸೊಸೆ ಮರುದಿನ ಬೆಳಿಗ್ಗೆಯೇ ಬ್ಯಾಂಕಿಗೆ ಹೊರಟಳು. ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ಒಳಗಿದ್ದ ಗಂಡನಿಗೆ ಕೇಳಿಸದಂತೆ ಮೆಲ್ಲನೆ ಕೇಳಿದಳು: "ಅಲ್ಲಿ ಏನೇನು ಕೇಳ್ತಾರೆ ಅಂತ ಬಂದ್ಮೇಲೆ ನಂಗೂ ಹೇಳ್ತೀಯಾ?"