ನಾಟಕ ಬರೆದವನಿಗೆ ಕುರ್ಚಿಯಿಲ್ಲ

ಕವಿ ವೀರಪ್ಪನವರ ನಾಟಕ ಆಡಬೇಕೆಂದರೆ ಗೋಕಾಕದವರಿರಲಿ, ಹುಕ್ಕೇರಿಯವರಿರಲಿ, ಮೊದಲು ಮೂಡಲಗಿಗೆ ಬಂದು ಹಣ ಕೊಟ್ಟು ಪರವಾನಗಿ ಪಡೆಯಬೇಕು. ಅವರ ಸಂಸಾರ ನಡೆಯುವುದೇ ಅದರ ಮೇಲೆ. ಹೀಗಿರುವಾಗ ನಾಗನೂರಿನ ಹೆಣ್ಣುಮಕ್ಕಳ ಸಾಲೆಯಲ್ಲಿ, ಒಂದು ಮಾತೂ ಕೇಳದೆ, ತಮ್ಮ ‘ಬೀಗರು ಬಿಟ್ಟ ಬಂಡಿ’ಯ ತಾಲೀಮು ನಡೆದಿದೆ ಎಂದು ಗೊತ್ತಾದಾಗ ಅವರ ಪಿತ್ತ ನೆತ್ತಿಗೇರಿತು. ಇಂದು ಸಾಲೆಯವರು, ನಾಳೆ ಊರೂರಿನ ನಾಟ್ಯಸಂಘದವರು. ಎಲ್ಲರೂ ಪುಕ್ಕಟೆ ಆಡತೊಡಗಿದರೆ ಕವಿಯ ಹೊಟ್ಟೆಯ ಗತಿಯೇನು? ಗಾಡಿ ಹತ್ತಿ ನೇರ ಸಾಲೆಗೇ ಹೋದರು.

“ನಾಟಕ ನಿಲ್ಲಸ್ರಿ!”

ನಾಟಕ ಕಲಿಸುತ್ತಿದ್ದ ಕನ್ನಡ ಶಿಕ್ಷಕಿ ಶಹನಾಜಬಿ ಹೆದರಲಿಲ್ಲ. ಕುರ್ಚಿ ಹಾಕಿಸಿ ಚಹಾ ತರಿಸಿದರು.

“ಕಾಯ್ದೆದಾಗ ಸಾಲಿಗೆ ಸವಲತ್ತು ಐತ್ರಿ, ಕವಿಗಳ. ಸಾಲಿ ಕಾರ್ಯಕ್ರಮದಾಗ ಮಕ್ಕಳು ಆಡಿದ್ರ, ನೋಡಾವ್ರು ಬರೇ ಮಕ್ಕಳು, ಶಿಕ್ಷಕರು, ಪಾಲಕರು, ಸಾಲಿ ಕೆಲಸಕ್ಕ ಸಂಬಂಧಪಟ್ಟಾವ್ರು ಇದ್ರ, ಪರವಾನಗಿ ಬೇಕಾಗಂಗಿಲ್ಲ.”

ಗೋಕಾಕದ ವಕೀಲರಿಗೆ ಫೋನು ಹಚ್ಚಿದರೆ ಅವರೂ “ಖರೆ ಐತ್ರಿ” ಅನ್ನಬೇಕೆ! ವೀರಪ್ಪ ಒಳಗೊಳಗೇ ನಕ್ಕರು. ಈ ಸೀಮೆಯಲ್ಲಿ ಪಾಲಕರಿಗಷ್ಟೇ ನಾಟಕವೆ? ತಬಲಾ ಕೇಳಿದರೆ ಸಾಕು, ಊರಿಗೆ ಊರೇ ಹಾಸಿಗೆ ಹೊತ್ತು ಬರುತ್ತದೆ. ಹೊರಗಿನವನೊಬ್ಬ ಒಳಹೊಕ್ಕರೂ ಸವಲತ್ತು ಹೋಯಿತು. ಫೋಟೋ ತೆಗೆದು ಟೀಚರಮ್ಮನನ್ನು ಕೋರ್ಟಿಗೆ ಎಳೆಯುವುದೆಂದು ತೀರ್ಮಾನಿಸಿ, ಸಾಲೆಯ ವಾರ್ಷಿಕ ಗ್ಯಾದರಿಂಗಿನ ದಿನ ಮಧ್ಯಾಹ್ನವೇ ಬಂದು ಗೇಟಿನ ಬಳಿ ಮೊಬೈಲ್ ಹಿಡಿದು ನಿಂತರು.

ಗೇಟಿನಲ್ಲಿ ಶಹನಾಜಬಿಯೇ ಕೂತಿದ್ದರು. ಪುಕ್ಕಟೆ ಪೆಂಡಾಲು ಹಾಕಿಸಿಕೊಟ್ಟ ಗುಡ್ಡಪ್ಪ ರೇಷ್ಮೆ ಶಲ್ಯ ಹೊದ್ದು ಬಂದ. ಸಾಲೆಯಲ್ಲಿ ಅವನ ಮಕ್ಕಳಾರೂ ಇರಲಿಲ್ಲ.

“ಕಾಕಾ, ಸಿಟ್ಟಾಗಬ್ಯಾಡ್ರಿ. ಪಾಲಕರಿಗಷ್ಟ,” ಎಂದು ಕೈಮುಗಿದರು. ಗುಡ್ಡಪ್ಪ ಕೂಗಾಡಿದ, ಪೆಂಡಾಲು ಕಿತ್ತೊಯ್ಯುವೆನೆಂದ. ಮುಗಿದ ಕೈ ಇಳಿಯಲಿಲ್ಲ, ಗೇಟೂ ತೆರೆಯಲಿಲ್ಲ. ಅವನು ಗೊಣಗುತ್ತ ಹಿಂದಿರುಗಿದ. ಎಲಾ ಇವಳ ಗಟ್ಟಿತನವೇ ಎಂದುಕೊಂಡ ವೀರಪ್ಪನವರ ಮೊಬೈಲ್ ಕಿಸೆ ಸೇರಿತು. ಒಳಗೆ ನಾಟಕ ಶುರುವಾದದ್ದು ಕೇಳಿಸಿತು. ಇನ್ನು ತಡೆಯಲಾಗದೆ ತಾವೇ ಗೇಟಿಗೆ ಬಂದರು.

“ಯಾರ ಪಾಲಕರ್ರಿ ನೀವು?”

“ಏ, ನಾಟಕ ಬರದಾಂವ ನಾ!”

“ಬರದಾವ್ರಿಗೆ ಕುರ್ಚಿ ಇಲ್ರಿ. ನಿಮ್ಮನ್ನ ಬಿಟ್ರ ಹೊರಗಿನವ್ರು ಒಬ್ರು ಬಂದ್ರಂತ ನಾಳೆ ನೀವ ಕೇಸ್ ಹಾಕಾವ್ರು!”

ಮನಸ್ಸಿನಲ್ಲಿದ್ದುದನ್ನೇ ಅಂದುಬಿಟ್ಟಳಲ್ಲ! ವೀರಪ್ಪ ಮುಖ ಸಣ್ಣದು ಮಾಡಿಕೊಂಡು ತಿರುಗಿದರು. ಅದನ್ನು ಕಂಡು ಶಹನಾಜಬಿಗೆ ನಗು ಬಂತು.

“ನಿಂದರ್ರಿ. ಪರದೆ ಹಿಂದ ಮಕ್ಕಳಿಗೆ ಮಾತು ಎತ್ತಿಕೊಡಾಕ ಬರ್ತೀರೇನು? ಆಗ ನೀವೂ ಸಾಲಿ ಕೆಲಸದಾವ್ರ ಆಗ್ತೀರಿ.”

ಮಾತು ಎತ್ತಿಕೊಡುತ್ತಿದ್ದ ಸದಾಶಿವ ಮಾಸ್ತರರನ್ನು ಗೇಟಿಗೆ ಕೂರಿಸಿ, ಕವಿಗಳನ್ನು ಪರದೆಯ ಹಿಂದೆ ಕರೆದೊಯ್ದು ತಾವೂ ಪಕ್ಕದಲ್ಲಿ ಕೂತರು.

ವೀರಪ್ಪನವರಿಗೆ ಅಲ್ಲಿ ಕೆಲಸವೇ ಬೀಳಲಿಲ್ಲ. ಸಂಘದವರು ಅರ್ಧ ನಾಟಕ ನುಂಗಿ ಸಿನಿಮಾ ಹಾಡಿಗೆ ಕುಣಿಸುತ್ತಿದ್ದರು. ಈ ಹುಡುಗಿಯರು ಒಂದು ಅಕ್ಷರ ಬಿಡಲಿಲ್ಲ. ಸಂಘದವರು ಎಂದೂ ಆಡದ ಕೊನೆಯ ದೃಶ್ಯವೂ ಬಂತು. ಗಂಡನ ಮನೆಯವರು ಹೊರಹಾಕಿದ ಪಾರ್ವತಿಯ ಪಾತ್ರದಲ್ಲಿ ಫರೀನ ಎಂಬ ಹುಡುಗಿ ನಿಂತಿದ್ದಳು. “ಮನೆಗೆ ನಡಿ, ಮಗಳ,” ಎಂದು ಅಪ್ಪ ಕರೆದ.

ಫರೀನ ಮಾತಾಡಲಿಲ್ಲ.

ಮರೆತಳು ಎಂದುಕೊಂಡರು ವೀರಪ್ಪ. ಮಾತು ಎತ್ತಿಕೊಡಲು ಬಾಯಿ ತೆರೆದರು. ಶಹನಾಜಬಿ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದರು:

“ಮರತಿಲ್ರಿ ಆಕಿ. ‘ಇಲ್ಲಿ ಪಾರ್ವತಿ ತುಸು ಹೊತ್ತು ಸುಮ್ಮನಿರಬೇಕು’ ಅಂತ ನೀವ ಬರದೀರಿ.”

ಬರೆದದ್ದು ಅವರಿಗೇ ನೆನಪಿರಲಿಲ್ಲ. ಅಂಗಳ ಅವಳ ಮಾತಿಗೆ ಕಾಯುತ್ತಿತ್ತು.

“ಯಾವ ಮನೆಗೆ, ಅಪ್ಪಾ?” ಎಂದಳು ಫರೀನ.

ಮುಂದೆ ಕೂತ ತಾಯಂದಿರ ಬಿಕ್ಕು ಕೇಳಿಸಿತು. ಪರದೆಯ ಹಿಂದೆ ವೀರಪ್ಪ, ಯಾರೋ ಬೇರೆಯವರ ನಾಟಕ ನೋಡಿದವರಂತೆ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.